ಸುಗಂಧರಾಜದ ಕಾವಲು

ಹೆಂಡತಿ ತವರಿಗೆ ಹೋದ ದಿನ ಗಂಡನಿಗೆ ಹಬ್ಬ ಎನ್ನುತ್ತಾರೆ. ಹಾಗೆನ್ನುವವರ ಹಿತ್ತಲಲ್ಲಿ ಸುಗಂಧರಾಜದ ಪಾತಿ ಇರಲಿಕ್ಕಿಲ್ಲ.

ದೋಣಿಮಲೈ ಕ್ವಾರ್ಟರ್ಸಿನ ಪಕ್ಕೀರಪ್ಪ, ಸ್ಟಾಫ್ ಬಸ್ಸಿನ ಡ್ರೈವರು, ರಜೆಯ ದಿನದ ಚಹಾ ಹಿಡಿದು ಹಿತ್ತಲಿಗೆ ಬಂದರೆ ಪಾತಿಯಲ್ಲೊಂದು ಕುಣಿ. ಗಡ್ಡೆ ಇಲ್ಲ. ಕಂಪೌಂಡಿನ ಮೇಲೆ ಅಳಿಲೊಂದು ಬಾಲ ಎತ್ತಿ ಕೂತು ಏನನ್ನೋ ಕಡಿಯುತ್ತಿತ್ತು.

ಪಕ್ಕೀರಪ್ಪ ಚಹಾ ಕೆಳಗಿಟ್ಟ. ಹೋದ ವರ್ಷ ಅವನ ಕಾವಲಿನಲ್ಲೇ ಮೇಕೆಯೊಂದು ಮಲ್ಲಿಗೆ ಬಳ್ಳಿ ಮೇದು ಹೋಗಿ, ನೀಲಗಂಗಮ್ಮ ಶ್ರಾವಣವಿಡೀ ಗಂಡನ ಜೊತೆ ಮಾತು ಬಿಟ್ಟಿದ್ದಳು. ಊಟಕ್ಕೆ ಕರೆಯುವುದನ್ನೂ ಫ್ರಿಜ್ಜಿನ ಕಡೆ ತಿರುಗಿ ಹೇಳುತ್ತಿದ್ದಳು. ಇವತ್ತು ಸಂಜೆ ಬಸ್ಸಿಗೆ ಅವಳು ಕಂಪ್ಲಿಯಿಂದ ಬರುವವಳು.

“ಅಳಿಲಿಂದೇ ಕೆಲಸ,” ಎಂದಳು ಗೋಡೆಯಾಚೆಯಿಂದ ಪಕ್ಕದ ಮನೆಯ ಹಿರಿಯಳು ಕೊಟ್ರಮ್ಮ. “ಖಾರದಪುಡಿ ಉದುರಸಪ್ಪ. ಆ ಕಡಿ ಮೂಸಿ ಸುದ್ದಾ ನೋಡಂಗಿಲ್ಲ.”

ಪಕ್ಕೀರಪ್ಪ ಡಬ್ಬಿ ತಂದು ಉದುರಿಸಿದ. ಅದೇ ಹೊತ್ತಿಗೆ ಗುಡ್ಡದ ಕಡೆಯಿಂದ ಗಾಳಿ ಬೀಸಿ, ಅಳಿಲಿಗೆಂದು ತಂದ ಖಾರವೆಲ್ಲ ಅವನ ಕಣ್ಣಿಗೇ ಬಿತ್ತು. ಬಚ್ಚಲಿಗೆ ಓಡಿ ಮುಖ ತೊಳೆದು, ದಾಸವಾಳದಂತೆ ಕೆಂಪಾದ ಕಣ್ಣು ಬಿಟ್ಟು ಬಂದು ನೋಡಿದರೆ ಅರ್ಧ ಪಾತಿ ಖಾಲಿ. ಅಳಿಲು ಮಾತ್ರ ಕೂತಲ್ಲೇ ಕೂತಿತ್ತು.

“ದೊಡ್ಡವ್ವಾ, ಇಷ್ಟೂ ಗಡ್ಡಿ ಇದೊಂದಕ್ಕ ದಕ್ಕತಾವೇನು?”

“ಅದಕ್ಕೂ ಬೀಗರು ಬಿಜ್ಜರು ಇರತಾರಪ್ಪ,” ಎಂದು ಕೊಟ್ರಮ್ಮ ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು.

ಗದ್ದಲ ಕೇಳಿ ಎದುರುಮನೆಯ ಎಲೆಕ್ಟ್ರಿಷಿಯನ್ ಪ್ರವೀಣ ತಂತಿ ಜಾಲರಿ ಹೊತ್ತು ಬಂದ. “ಖಾರಕ್ಕೆಲ್ಲಾ ಬಗ್ಗಂಗಿಲ್ಲಣ್ಣ ಇವು. ಇದನ್ನ ಹೊದಸೋಣು.” ಹೊದಿಸುವಾಗ ತಂತಿಯ ತುದಿ ಪಕ್ಕೀರಪ್ಪನ ಹೆಬ್ಬೆರಳನ್ನು ಗೀರಿತು. “ಅಯ್ಯೋ, ರಕ್ತ! ಒಳಗ ಹೋಗಿ ಅರಿಶಿಣ ಒತ್ತರಿ. ಇಲ್ಲಿ ನಾ ನೋಡ್ಕೊಂತೀನಿ.”

ಅರಿಶಿಣ ಒತ್ತಿಕೊಂಡು ಬಂದಾಗ ಪ್ರವೀಣ ಇರಲಿಲ್ಲ, ಗಡ್ಡೆಗಳೂ ಇರಲಿಲ್ಲ. ಜಾಲರಿಯನ್ನು ನೀಟಾಗಿ ಮಡಚಿ ಮೇಲೊಂದು ಕಲ್ಲು ಇಡಲಾಗಿತ್ತು. ಅಳಿಲು ಜಾಲರಿ ಸರಿಸೀತು. ಮಡಚಿ ಕಲ್ಲು ಹೇರೀತೇ? ಪಕ್ಕೀರಪ್ಪ ತಲೆ ಹಿಡಿದುಕೊಂಡು ಕೂತ.

ಮಧ್ಯಾಹ್ನ ಕ್ವಾರ್ಟರ್ಸೆಲ್ಲ ಮಲಗಿತ್ತು. ಸಂಕಟ ತಡೆಯದೆ ಅಡ್ಡಾಡುತ್ತಿದ್ದವನ ಕಣ್ಣಿಗೆ ಕೊಟ್ರಮ್ಮನ ಪೇರಲ ಗಿಡದ ಬುಡ ಬಿತ್ತು. ಹಸಿ ಮಣ್ಣಿನಲ್ಲಿ ಸಾಲಾಗಿ ಸುಗಂಧರಾಜದ ಹಸಿರು ಮೊಳಕೆ! ಪ್ರವೀಣನ ಹಳೇ ಪೇಂಟ್ ಬಕೆಟ್ಟಿನಲ್ಲೂ ಅವೇ.

“ಅಬ್ಬಾ, ಎಲ್ಲಾ ಹುಗದಿಟ್ಟೈತಲ್ಲಪ್ಪ ಅಳಿಲು!” ಅಳಿಲುಗಳು ಮುಂದಿನ ಊಟಕ್ಕೆಂದು ಕಾಳುಕಡಿ ಹೂತಿಡುತ್ತವೆಂದು ಅವನು ಎಲ್ಲೋ ಕೇಳಿದ್ದ. ಹಾಗಾದರೆ ನೀರು ಹಾಕಿದವರು ಯಾರು ಎಂಬ ಪ್ರಶ್ನೆಯೂ ಬಂತು. ಆದರೆ ಬಸ್ಸು ಕಂಪ್ಲಿ ಬಿಟ್ಟಾಗಿತ್ತು, ಪ್ರಶ್ನೆಗೆ ಪುರುಸೊತ್ತಿರಲಿಲ್ಲ. ಎಲ್ಲವನ್ನೂ ಕಿತ್ತು ಲುಂಗಿಯಲ್ಲಿ ಕಟ್ಟಿಕೊಂಡು ಬಂದು, ಪಾತಿಯಲ್ಲಿ ಮೊದಲಿನಂತೆಯೇ ನೆಟ್ಟ.

ಸಂಜೆ ಭಾರದ ಚೀಲ ಹೊತ್ತು ಬಂದ ನೀಲಗಂಗಮ್ಮ ನೆಟ್ಟಗೆ ಹಿತ್ತಲಿಗೇ ಹೋದಳು. “ಯಾರೂ ಬರಲಿಲ್ಲೇನ್ರಿ?”

“ಅಳಿಲು ಕದ್ದದ್ದೆಲ್ಲಾ ವಾಪಸ್ ತಂದೀನಿ! ಒಂದೂ ಬಿಟ್ಟಿಲ್ಲ!” ಪಕ್ಕೀರಪ್ಪ ಎದೆಯುಬ್ಬಿಸಿದ.

ಅವಳು ಹಣೆ ಚಚ್ಚಿಕೊಂಡಳು. “ಎಲ್ಲೀ ಅಳಿಲ್ರಿ! ಗಡ್ಡಿ ಮರಿ ಹಾಕಿ ಪಾತಿ ತುಂಬಿತ್ತು. ಕೈಯಾರೆ ಕೊಟ್ಟ ಗಡ್ಡಿ ಬೇರು ಬಿಟ್ಟು ಹತ್ತಂಗಿಲ್ಲ, ಕದ್ದದ್ದ ಹತ್ತತೈತಿ. ಅದಕ್ಕ, ನಾ ಇಲ್ಲದಾಗ ಬಂದು ಕದ್ಕೊಂಡು ಹೋಗ್ರಿ ಅಂತ ಇಬ್ಬರಿಗೂ ನಾನ ಹೇಳಿ ಹೋಗಿದ್ದೆ. ಈಗ ಇವನ್ನ ಎಲ್ಲಿ ಹಚ್ಚಲಿ?” ಚೀಲ ಬಿಚ್ಚಿದಳು. ದಪ್ಪ ದಪ್ಪ ಗಡ್ಡೆಗಳು. ಕಂಪ್ಲಿಯ ಯಾರದೋ ಹಿತ್ತಲಿನ ಮಣ್ಣು ಇನ್ನೂ ಅಂಟಿಕೊಂಡಿತ್ತು.

“ನಾನ ಹೋಗಿ ಅವರಿಗೆ ಕೊಟ್ಟು ಬರ್ತೀನಿ ಬಿಡು.”

“ಕೊಟ್ರ ಹತ್ತಂಗಿಲ್ಲ ಅಂದೆನಲ್ಲ!”

ಅಷ್ಟರಲ್ಲಿ ಕೊಟ್ರಮ್ಮ, ಪ್ರವೀಣ ಇಬ್ಬರೂ ಸಪ್ಪೆ ಮುಖ ಹೊತ್ತು ಗೇಟಿನಲ್ಲಿ ನಿಂತಿದ್ದರು. ನೀಲಗಂಗಮ್ಮ ಗಂಡನನ್ನು ದಾಟಿ ಪ್ರವೀಣನಿಗೆ ಹೇಳಿದಳು: “ನಿಮ್ಮಣ್ಣಗ ಗ್ವಾಡಿ ಕಡಿ ಮಖ ಮಾಡಿ ಕುಂದ್ರಾಕ ಹೇಳಪ್ಪ.” ಮಾತು ಬಿಡುವುದು ಆಗಲೇ ಶುರುವಾಗಿತ್ತು.

ಪಕ್ಕೀರಪ್ಪ ಸ್ಟೂಲಿನ ಮೇಲೆ ಗೋಡೆ ನೋಡುತ್ತ ಕೂತ. ಬೆನ್ನ ಹಿಂದೆ ಮಣ್ಣು ಕೆದರುವ ಸದ್ದು. ತಡೆಯಲಾರದೆ ಸ್ವಲ್ಪ ಕತ್ತು ಹೊರಳಿಸಿದ.

“ತಿರುಗಬ್ಯಾಡಪ್ಪ,” ಕೊಟ್ರಮ್ಮ ನೊಂದುಕೊಂಡು ಹೇಳಿದಳು, “ನೀ ನೋಡಿದ್ರ ನಮಗ ಕದಿಯಾಕ ನಾಚಿಕಿ ಆಗತೈತಿ.”