ಪೊರಕೆ ಕಾಣದ ಅಂಗಳ

ನಮ್ಮ ಭಾವನಿಗೆ ಹುಚ್ಚಿಲ್ಲ ಎನ್ನುವವರು ಯಾರಾದರೂ ಇದ್ದರೆ ನನ್ನ ಮುಂದೆ ಬಂದು ಹೇಳಲಿ! ಮೈಸೂರಿನ ಕಡೆಯವರು, ತಿರುವನಂತಪುರದಲ್ಲಿ ರಾಕೆಟ್ಟಿಗೆ ಸಂಬಂಧಪಟ್ಟ ಕೆಲಸ, ನೋಡಲು ಸಾಧು ಪ್ರಾಣಿ. ಆದರೆ ಉಳ್ಳೂರಿನ ಅವರ ಮನೆಯಂಗಳದಲ್ಲಿ ಪೊರಕೆ ಕಂಡರೆ ಸಾಕು, ಹಾವು ಕಂಡವರ ಹಾಗೆ ಎಗರಿ ಬೀಳುತ್ತಾರೆ. ನಿಜವಾದ ಹಾವು ಕಂಡರೆ ಎಗರುವುದಿಲ್ಲ ಮತ್ತೆ! "ಕೇರೆ ಕಣಮ್ಮಾ, ಅದರ ಪಾಡಿಗೆ ಅದು ಹೋಗತ್ತೆ" ಎಂದು ಕುರ್ಚಿ ಎಳೆದುಕೊಂಡು ನೋಡುತ್ತಾ ಕೂರುತ್ತಾರೆ.

ಅಂಗಳ ಗುಡಿಸದಿದ್ದರೆ ಏನು ಮಹಾ ಎನ್ನುತ್ತೀರಾ? ಬೇರೆ ಊರಲ್ಲಾದರೆ ಸರಿ. ಇಲ್ಲಿ ಹೊತ್ತು ಮೂಡುವ ಮೊದಲೇ ಬೀದಿಯುದ್ದಕ್ಕೂ ಪರಪರ ಸದ್ದು. ಮಣ್ಣಿನ ಮೇಲೆ ಕಡ್ಡಿಪೊರಕೆಯ ಗೆರೆ ಎದ್ದರೇ ಅದು ಮನೆ, ಇಲ್ಲದಿದ್ದರೆ ಪಾಳು. ಭಾವನ ಅಂಗಳದಲ್ಲೋ, ಪಾದ ಮುಳುಗುವಷ್ಟು ತರಗೆಲೆ. ಒಮ್ಮೆ ಪಕ್ಕದ ಮನೆಯಾಕೆ, ನಾವೆಲ್ಲ ಚೇಚಿ ಎನ್ನುವವರು, ಗೇಟಿನ ಬಳಿ ನನ್ನ ಕೈ ಹಿಡಿದು, "ಆರಾ ಮೋಳೇ ಮರಿಚ್ಚದ್?" ಎಂದರು. ಯಾರಮ್ಮಾ ಹೋಗಿಬಿಟ್ಟದ್ದು ಅಂತ! ಇಲ್ಲಿ ಅಂಗಳ ಗುಡಿಸದೆ ಬಿಡುವುದು ಸಾವಾದ ಮನೆಯಲ್ಲಿ ಮಾತ್ರವಂತೆ. ಎಲ್ಲರೂ ಗುಂಡುಕಲ್ಲಿನ ಹಾಗಿದ್ದಾರೆ ಎಂದು ಸಮಾಧಾನ ಹೇಳಿ ಕಳಿಸುವಷ್ಟರಲ್ಲಿ ನಾಚಿಕೆಯಿಂದ ನಾನೇ ಅರ್ಧ ಸತ್ತಿದ್ದೆ.

"ಎಲೆ ಗುಡಿಸಿದ್ರೆ ಹರಟೆಮಲ್ಲಗಳು ಎಲ್ಲಿ ಹೋಗಬೇಕು?" ಎಂಬುದು ಭಾವನ ವಾದ. ಹರಟೆಮಲ್ಲ ಎಂದರೆ ಗುಂಪುಗುಂಪಾಗಿ ಬಂದು ತರಗೆಲೆ ಕೆದಕಿ ಹುಳ ಹುಡುಕುವ ಬೂದು ಹಕ್ಕಿ. ಸಂಜೆ ವರಾಂಡದಲ್ಲಿ ಅಕ್ಕನ ಪಕ್ಕ ಕೂತು "ಏನು ಬಂತು ಹೇಳು ನೋಡೋಣ" ಎಂದು ಪರೀಕ್ಷೆ ಬೇರೆ. ಪಾಪ, ಅಕ್ಕ "ಕೆಂಬೂತ", "ಕೀರಿ" ಎಂದು ಒಪ್ಪಿಸುತ್ತಾಳೆ. ಅವಳಿಗೆ ಕಣ್ಣು ಸರಿಯಿಲ್ಲ, ಆಸ್ಪತ್ರೆಗೆ ಓಡಾಟ ನಡೆದೇ ಇದೆ. ಎಷ್ಟು ಕಾಣತ್ತೆ ಎಂದು ಕೇಳಿದರೆ, "ಸ್ವಲ್ಪ ಮಬ್ಬು ಅಷ್ಟೇ ಕಣೇ, ಕನ್ನಡಕ ಬದಲಾಯಿಸಿದ್ರೆ ಸರಿಹೋಗತ್ತೆ" ಎಂದು ಮಾತು ಮುಗಿಸಿಬಿಡುತ್ತಾಳೆ. ಅಂಥವಳನ್ನು ಹಿಡಿದು ಹಕ್ಕಿ ಪಾಠವೇ?

ಇದ್ದ ಎಲೆ ಸಾಲದು ಎಂದು ಹೊರಗಿನಿಂದ ಆಮದು ಬೇರೆ! ರಸ್ತೆ ಬದಿಯ ಸಾಗುವಾನಿ ಮರದಡಿಯಿಂದ ಹಪ್ಪಳದಂತೆ ಒಣಗಿದ ಎಲೆಗಳನ್ನು ಚೀಲಕ್ಕೆ ತುಂಬಿ ಸ್ಕೂಟರಿನಲ್ಲಿ ತರುತ್ತಾರೆ. ಹಿಂದೆ ಕೂತು ಚೀಲ ತಬ್ಬಿಕೊಂಡು ಬರುವ ಯೋಗ ನನ್ನದು. ಸಿಗ್ನಲ್ಲಿನಲ್ಲಿ ಒಬ್ಬರು, "ಆಡುಂಡೋ ಸಾರೇ?" ಎಂದರು, ಆಡು ಸಾಕಿದ್ದೀರಾ ಅಂತ. ಭಾವ ನನ್ನ ಕಡೆ ಕತ್ತು ತಿರುಗಿಸಿ, "ಹೂಂ, ಇದೊಂದಿದೆ" ಎಂದರು. ನಾದಿನಿಯನ್ನು ಹೀಗೆ ಸಾರ್ವಜನಿಕವಾಗಿ ಆಡು ಮಾಡುವುದೇ? ಮನೆಗೆ ಬಂದು ಸಾಗುವಾನಿ ಎಲೆಯನ್ನು ಗೇಟಿನ ಬಳಿ, ಹಲಸಿನೆಲೆಯನ್ನು ಮೆಟ್ಟಿಲ ಬಳಿ, ರಂಗೋಲಿ ಹಾಕುವವರ ಗಮನದಿಂದ ಹರಡಿದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಇಷ್ಟು ದಿನ ಸಹಿಸಿದೆ. ಆದರೆ ನನ್ನ ಮದುವೆಯ ಮಾತು ಬಂತಲ್ಲ! ನಾನು ಕೊಚ್ಚಿಯಲ್ಲಿ ಕೆಲಸದಲ್ಲಿದ್ದೇನೆ, ಮೆಚ್ಚಿದ ಹುಡುಗ ಅಲ್ಲೇ ಪಾಲಾರಿವಟ್ಟದವನು. ಅವನಮ್ಮ ಅಂಗಳ ಗುಡಿಸದೆ ಚಹಾ ಕೂಡ ಮುಟ್ಟದವರು. ಅಪ್ಪ ಅಮ್ಮ ಇಲ್ಲದ ನನಗೆ ಅಕ್ಕನ ಮನೆಯೇ ತವರು, ಅದನ್ನು ನೋಡಲು ಅವರು ಬರುತ್ತಿದ್ದಾರೆ. "ಒಂದೇ ದಿನ ಗುಡಿಸೋಣ ಭಾವ" ಎಂದು ಗೋಗರೆದೆ. "ಅದೊಂದು ಬಿಟ್ಟು ಏನು ಬೇಕಾದ್ರೂ ಕೇಳಮ್ಮಾ" ಎಂದರು. ಅವರು ಬರಬೇಕಿದ್ದ ಭಾನುವಾರ ಭಾವ ತರಕಾರಿಗೆ ಹೋಗಿದ್ದೇ ತಡ, ಅಕ್ಕ ಸ್ನಾನಕ್ಕೆ ಇಳಿದಿದ್ದೇ ತಡ, ಚೇಚಿಯ ಮನೆಯಿಂದ ಪೊರಕೆ ತಂದು ಗುಡಿಸಿ ಎಲ್ಲವನ್ನೂ ಹಿತ್ತಲಿಗೆ ತಳ್ಳಿದೆ. ಅಂಗಳ ಫಳಫಳ. ನನಗೆ ಎಂಥಾ ಹೆಮ್ಮೆ!

ಹುಡುಗನೂ ಅವನಮ್ಮನೂ ಬಂದರು. "ನಲ್ಲ ಮುಟ್ಟಂ," ಒಳ್ಳೆ ಅಂಗಳ, ಎಂದು ಅವನಮ್ಮ ಗೇಟಿನಲ್ಲೇ ನನಗೆ ಮೆಲ್ಲನೆ ಮೆಚ್ಚುಗೆ ಕೊಟ್ಟು, ವರಾಂಡದಲ್ಲಿ ಕೂತಿದ್ದ ಅಕ್ಕನ ಬಳಿಗೆ ಸೀದಾ ನಡೆದು ಅವಳ ಹೆಗಲ ಮೇಲೆ ಕೈಯಿಟ್ಟರು. ಅಕ್ಕ ಬೆಚ್ಚಿಬಿದ್ದಳು. ಕೈಯ ಚಹಾ ಲೋಟ ನೆಲಕ್ಕೆ ಬಿತ್ತು.

"ಯಾರು? ಯಾರದು?" ಎಂದಳು. ಎದುರಿಗೇ ನಿಂತವರನ್ನು ಬಿಟ್ಟು ಕಂಬದ ಕಡೆ ಮುಖ ಮಾಡಿದ್ದಳು. "ಸದ್ದೇ ಆಗಲಿಲ್ಲವಲ್ಲ."

ಅಷ್ಟರಲ್ಲಿ ಭಾವ ಬಂದರು. ಅಂಗಳ ನೋಡಿದರು, ಅಕ್ಕನನ್ನು ನೋಡಿದರು. ಹಿತ್ತಲಿಗೆ ಹೋಗಿ ಬುಟ್ಟಿ ತುಂಬ ಎಲೆ ತಂದು, ಬೀಗರಾಗಬೇಕಾದವರ ಕಣ್ಣೆದುರೇ ಗೇಟಿನ ಬಳಿ ಸುರಿಯತೊಡಗಿದರು. ನಾನು ಓಡಿ ಹೋಗಿ, "ಭಾವ, ನಿಮ್ಮ ದಮ್ಮಯ್ಯ, ನನ್ನ ಮಾನ ತೆಗೀಬೇಡಿ" ಎಂದೆ.

ಭಾವ ದನಿ ತಗ್ಗಿಸಿ ಹೇಳಿದರು: "ಇಲ್ಲಿ ಸಾಗುವಾನಿ ಸದ್ದಾದ್ರೆ ಯಾರೋ ಬಂದ್ರು ಅಂತ ಅವಳಿಗೆ ತಿಳಿಯತ್ತೆ. ಹಲಸಿನೆಲೆ ಸದ್ದಾದ್ರೆ ಮೆಟ್ಟಿಲ ಹತ್ರ ಬಂದ್ರು ಅಂತ. ಹಕ್ಕಿ, ಕೀರಿ ಎಲ್ಲಾ ಈಗ ಕಿವೀಲೇ ನೋಡ್ತಾಳೆ ಕಣಮ್ಮಾ."

"ನನಗೆ ಯಾಕೆ ಹೇಳಲಿಲ್ಲ?"

"ಕಾಣಲ್ಲ ಅಂತ ಅವಳೇ ಇನ್ನೂ ಬಾಯಿಬಿಟ್ಟು ಹೇಳಿಲ್ಲ. ನಾನು ಹೇಗೆ ಹೇಳಲಿ? ನನಗೆ ಹಕ್ಕಿ ಹುಚ್ಚು ಅಂತಲೇ ಇರಲಿ ಬಿಡು."

ಭಾವನಿಂದಾಗಿ ಎಷ್ಟೋ ಸಲ ನಾಚಿ ತಲೆ ತಗ್ಗಿಸಿದ್ದೇನೆ. ಈ ಸಲದ ನಾಚಿಕೆ ನನ್ನದೇ. ಅಕ್ಕನ ಒಡಹುಟ್ಟಿದವಳು ನಾನು, ವಾರವಾರ ಬಂದು ಉಂಡು ಹೋಗುವವಳು, ನನಗೇ ಗೊತ್ತಾಗಲಿಲ್ಲವಲ್ಲ. ಭಾವನ ಮುಖ ನೋಡಲಾಗದೆ ಬುಟ್ಟಿಯೊಳಗೆ ಕೈ ಹಾಕಿದೆ. ಹುಡುಗನ ಅಮ್ಮನಿಗೆ ಕನ್ನಡ ಬಾರದು. ಆದರೂ ಅಕ್ಕ ತಡಕಾಡಿ ಲೋಟ ಹುಡುಕುತ್ತಿದ್ದುದನ್ನು ಅವರು ನೋಡಿದ್ದರು. ಇಳಿದು ಬಂದು, ಸೆರಗು ಸಿಕ್ಕಿಸಿಕೊಂಡು, ಅವರೂ ಒಂದು ಹಿಡಿ ಎಲೆ ತೆಗೆದುಕೊಂಡರು.

"ರೀ, ಸಾಕು ಬನ್ನಿ," ಅಕ್ಕ ವರಾಂಡದಿಂದ ಕೂಗಿದಳು. "ನಿಮ್ಮ ಹಕ್ಕಿ ಹುಚ್ಚಿಂದ ಬಂದವರ ಮುಂದೆ ನನಗೆ ನಾಚಿಕೆ ಆಗ್ತಿದೆ."

"ಏನ್ಮಾಡ್ಲಿ ಹೇಳು, ನನ್ನ ಬುದ್ಧಿನೇ ಹಂಗೆ" ಎಂದು ನಗುತ್ತಾ ಭಾವ ಅವಳ ಕಾಲ ಬಳಿ ಹಲಸಿನೆಲೆ ಹಾಕಿದರು.