ಒಂದೇ ನಿಮಿಷದ ಪಟ್ಟಿ

ಸಾಹೇಬರು ಕೇಳಿದ್ದು ಇಷ್ಟೇ. "ನಮ್ಮ ಆರೋಗ್ಯ ಸಮೀಕ್ಷೆಯ ಡೇಟಾಬೇಸ್ ಫೈಲಲ್ಲಿ ಯಾವ್ಯಾವ ಕೋಷ್ಟಕ ಇದೆ ಅಂತ ಒಂದು ಪಟ್ಟಿ ಕೊಡ್ರಿ. ಮೇಲಿನವರು ಕೇಳ್ತಿದ್ದಾರೆ."

"ಒಂದೇ ನಿಮಿಷ ಸಾರ್," ಎಂದ ಗಣತಿಯಣ್ಣ. ಕಚೇರಿಯವರು ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಎರಡು ವರ್ಷ ನಾಲ್ಕು ಸಾವಿರ ಮನೆಗಳ ಮೆಟ್ಟಿಲು ಹತ್ತಿ, ಮೂರು ನಾಯಿಗಳಿಂದ ಕಚ್ಚಿಸಿಕೊಂಡು ಆ ಸಮೀಕ್ಷೆ ಮುಗಿಸಿದವನು ಅವನೇ. ಈಗಷ್ಟೇ ಕುರ್ಚಿಯಲ್ಲಿ ಕೂರುವ ಭಾಗ್ಯ ಬಂದಿತ್ತು.

ಅಂಕಿಅಂಶದ ತಂತ್ರಾಂಶ ತೆರೆದು, ಫೈಲಿನ ಹೆಸರು ಕೊಟ್ಟು, ಕೋಷ್ಟಕಗಳನ್ನು ತೋರಿಸೆಂದ. ಅದು ಸೊನ್ನೆ ತೋರಿಸಿತು. ಮತ್ತೆ ಕೇಳಿದ. ಮತ್ತೆ ಸೊನ್ನೆ.

"ಅಯ್ಯೋ, ಎಲ್ಲಾ ಅಳಿಸಿಬಿಟ್ರಾ?" ಎಂದು ಪಕ್ಕದ ಟೈಪಿಸ್ಟ್ ಅಕ್ಕ ಇಡೀ ಮಹಡಿಗೆ ಕೇಳುವಂತೆ ಕೂಗಿದಳು.

"ನಾನ್ಯಾಕ್ರೀ ಅಳಿಸಲಿ? ಬರೀ ಪಟ್ಟಿ ಕೇಳಿದೆ!"

ರೆಕಾರ್ಡ್ ರೂಮಿನ ಗುಮಾಸ್ತ ಓಡಿಹೋಗಿ ತನ್ನ ಯಂತ್ರದಲ್ಲೂ ಅದೇ ಹೆಸರು ಕೊಟ್ಟು ನೋಡಿದ. ಅಲ್ಲೂ ಸೊನ್ನೆ. "ಇವನು ನನ್ನದನ್ನೂ ಅಳಿಸಿದ್ದಾನೆ!" ಎಂದು ಅವನು ಸಾಹೇಬರ ಬಾಗಿಲಿಗೆ ಹೋದ.

ಸಾಹೇಬರು ಕೆಂಡವಾದರು. "ತಪ್ಪೊಪ್ಪಿಗೆ ಬರ್ಕೊಡಿ. ಈಗಲೇ!"

ಮಾಡದ ತಪ್ಪನ್ನು ಒಪ್ಪಿಕೊಳ್ಳುವುದೆಂದರೆ ಗಣತಿಯಣ್ಣನಿಗೆ ಮೈಯೆಲ್ಲ ಉರಿಯಿತು. ಆದರೆ ಗುಮಾಸ್ತ ಆಗಲೇ ಕಾಗದ ತಂದು, 'ನನ್ನ ಅಜಾಗರೂಕತೆಯಿಂದ ಫೈಲಿನಲ್ಲಿ ಏನೂ ಉಳಿದಿಲ್ಲ' ಎಂದು ಚೆಂದದ ಅಕ್ಷರದಲ್ಲಿ ಬರೆದುಕೊಟ್ಟಿದ್ದ. "ಸಹಿ ಹಾಕ್ಬಿಡಿ ಅಣ್ಣ, ಬೇಗ ತಣ್ಣಗಾಗುತ್ತೆ," ಎಂದಳು ಟೈಪಿಸ್ಟ್ ಅಕ್ಕ. ಹಲ್ಲು ಕಚ್ಚಿಕೊಂಡು ಸಹಿ ಹಾಕಿದ.

ಊಟದ ಹೊತ್ತಿನಲ್ಲಿ ಎಲ್ಲರೂ ಎದ್ದುಹೋದ ಮೇಲೆ ಅವನ ಕಣ್ಣಿಗೆ ಒಂದು ವಿಷಯ ಬಿತ್ತು. ಖಾಲಿ ಫೈಲು ಹುಟ್ಟಿದ ಸಮಯ: ಇವತ್ತು ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷ, ಅವನು ಪಟ್ಟಿ ಕೇಳಿದ ಹೊತ್ತೇ. ಅವನು ಹುಡುಕಿದ್ದೇ ತಪ್ಪು ಫೋಲ್ಡರಿನಲ್ಲಿ! ಆ ದರಿದ್ರ ತಂತ್ರಾಂಶ 'ಇಲ್ಲಿ ಅಂಥ ಫೈಲಿಲ್ಲ' ಎಂದು ಬಾಯಿಬಿಡುವ ಬದಲು, ಅದೇ ಹೆಸರಿನ ಹೊಸ ಖಾಲಿ ಫೈಲು ಹುಟ್ಟಿಸಿ ಕೈಗಿತ್ತಿತ್ತು. ಗುಮಾಸ್ತನಿಗೂ ಹಾಗೆಯೇ. ನಿಜವಾದ ಫೈಲು ಕಚೇರಿಯವರೆಲ್ಲ ಹಂಚಿಕೊಳ್ಳುವ ಸಮೀಕ್ಷೆಯ ಫೋಲ್ಡರಿನಲ್ಲಿ, ಹದಿನಾಲ್ಕು ಕೋಷ್ಟಕಗಳೊಂದಿಗೆ, ಸುಖವಾಗಿತ್ತು.

ಪಟ್ಟಿ ಹಿಡಿದು ಸಾಹೇಬರ ಕೋಣೆಗೆ ನುಗ್ಗಿದ. "ಸಿಕ್ತು ಸಾರ್! ಏನೂ ಹೋಗಿಲ್ಲ! ಆ ಕಾಗದ ವಾಪಸ್ ಕೊಡಿ!"

"ಅದು ಆಗಲೇ ಮೇಲಕ್ಕೆ ಹೋಯ್ತು," ಎಂದರು ಸಾಹೇಬರು. "ನಿಮ್ಮ ಪ್ರಾಮಾಣಿಕತೆ ಮೆಚ್ಚಿದ್ದಾರೆ. ಶಿಕ್ಷೆ ಇಲ್ಲ. ನಾಳೆಯಿಂದ ಸಮೀಕ್ಷೆ ಮತ್ತೆ ಶುರು, ನೀವೇ ಮಾಡ್ಬೇಕಂತೆ."

"ಯಾಕ್ ಸಾರ್ ಮಾಡ್ಬೇಕು? ಫೈಲ್ ಇದೆಯಲ್ಲ!"

"ಇದೆ ಅಂದ್ರೆ ನೀವು ಬರ್ಕೊಟ್ಟಿದ್ದು ಸುಳ್ಳಾಗುತ್ತೆ. ಸುಳ್ಳು ಬರೆದವರ ಕೆಲಸಾನೇ ಹೋಗುತ್ತೆ. ಮೂರು ಮಕ್ಕಳ ತಂದೆ ನೀವು, ನಾನು ಸುಮ್ನೆ ನೋಡ್ತಾ ಕೂರಕ್ಕಾಗುತ್ತಾ?"

ಸಾಹೇಬರು ತಮ್ಮ ಪರದೆಯಲ್ಲಿ ಸಮೀಕ್ಷೆಯ ಫೋಲ್ಡರು ತೆರೆದರು. ಗಣತಿಯಣ್ಣ "ಸಾರ್, ಬೇಡ!" ಎಂದು ಕೈ ಚಾಚುವಷ್ಟರಲ್ಲಿ ಆ ಹದಿನಾಲ್ಕೂ ಕೋಷ್ಟಕಗಳನ್ನು ಅಳಿಸಿಬಿಟ್ಟರು.

"ಈಗ ನೋಡಿ," ಎಂದರು ಸಮಾಧಾನದಿಂದ, "ನೀವು ಬರೆದಿದ್ದೆಲ್ಲಾ ನಿಜ."