ಬಿಲ್ವದ ಬುಡದಲ್ಲೊಂದು ಹೆಬ್ಬಾವಿನ ಮರಿ

ಹಾವುಗಳನ್ನು ಗುರುತಿಸುವುದರಲ್ಲಿ ನಾನು ಪಂಡಿತ. ನಿವೃತ್ತಿಯಾದ ಮೇಲೆ ಮೊಬೈಲಿನಲ್ಲಿ ಹಾವಿನ ವಿಡಿಯೋ ಬಿಟ್ಟು ಬೇರೇನನ್ನೂ ನೋಡಿದವನಲ್ಲ. ಎದುರಿಗೆ ನಿಜವಾದ ಹಾವೊಂದು ಸಿಕ್ಕಿರಲಿಲ್ಲ, ಅಷ್ಟೇ ಕೊರತೆ! ಈ ಶಿವರಾತ್ರಿಯ ಬೆಳಿಗ್ಗೆ ಅದೂ ನೀಗಿತು.

ಮಲ್ಲೇಶ್ವರದ ನಮ್ಮ ಮನೆಯ ಹಿತ್ತಲಿನಲ್ಲಿ ಬಿಲ್ವದ ಮರವಿದೆ. ಪೂಜೆಗೆ ಪತ್ರೆ ಕಿತ್ತು ತರಲು ನನ್ನ ಹೆಂಡತಿ ಗಿರಿಜಾ ಕಳುಹಿಸಿದ್ದಳು. ಬುಡದ ತರಗೆಲೆಗಳ ನಡುವೆ ದಪ್ಪನೆಯ ಹಾವೊಂದು ಸುತ್ತಿಕೊಂಡು ಮಲಗಿತ್ತು. ಕಂದು ಮೈ, ಬೆನ್ನ ಮೇಲೆ ಸಾಲಾಗಿ ದೊಡ್ಡ ದೊಡ್ಡ ಮಚ್ಚೆ. ನನಗೆ ಭಯವಾಗಲಿಲ್ಲ. ಆನಂದವಾಯಿತು!

ನಾನು "ಹಾವು! ಹಾವು!" ಎಂದು ಸಂಭ್ರಮಿಸಿದ್ದು ಕೇಳಿ, ಪಕ್ಕದ ಮನೆಯ ಶಾಂತಮ್ಮನವರು ಎಪ್ಪತ್ತೈದರ ವಯಸ್ಸಿನಲ್ಲೂ ಬರಿಗಾಲಲ್ಲೇ ಬಂದರು. ಕೈಯಲ್ಲಿ ಹಾಲಿನ ಲೋಟ.

"ಶಿವರಾತ್ರಿ ದಿನಾನೇ ಬಂದಿದಾನಲ್ಲಪ್ಪಾ ನಾಗಪ್ಪ!"

"ಹೆಡೆ ಎಲ್ಲಿದೆ ಶಾಂತಮ್ಮೋರೆ? ನಾಗಪ್ಪ ಅಲ್ಲ, ಹೆಬ್ಬಾವಿನ ಮರಿ. ವಿಷ ಇಲ್ಲ. ಹತ್ತಿರ ಬಂದು ನೋಡಿ."

ನಾಗರಹಾವಾಗಿದ್ದರೆ ಅವರು ದೂರದಿಂದಲೇ ಕೈಮುಗಿಯುತ್ತಿದ್ದರು. ಹೆಡೆಯಿಲ್ಲದ್ದಕ್ಕೆ ಭಕ್ತಿಯೂ ಬೇಡ, ಭಯವೂ ಬೇಡ ಎಂದು ಅವರನ್ನು ಮುಂದಕ್ಕೆ ಕರೆದವನು ನಾನೇ. ಆಮೇಲೆ ಪೊರಕೆ, ಬಕೆಟ್ ತಂದು ಸ್ಥಳಾಂತರ ಕಾರ್ಯಕ್ಕೆ ವಿಧ್ಯುಕ್ತವಾಗಿ ಸಜ್ಜಾದೆ. ಪೊರಕೆ ಹಾವಿಗೆ ತಾಗಿತೋ ಇಲ್ಲವೋ, ಜೋರಾಗಿ 'ಉಸ್ಸ್' ಎಂಬ ಸದ್ದು!

"ಗಿರಿಜಾ, ಕುಕ್ಕರ್ ಆಫ್ ಮಾಡೇ! ಹಾವು ಹೆದರುತ್ತೆ!"

"ಇವತ್ತು ಉಪವಾಸ ಕಣ್ರೀ! ಕುಕ್ಕರ್ ಎಲ್ಲಿ ಇಟ್ಟಿದೀನಿ?"

ಸದ್ದು ಬರುತ್ತಿದ್ದುದು ಪೊರಕೆಯ ತುದಿಯಿಂದ!

ಗಿರಿಜಾ ಹೊರಬಂದು ಒಮ್ಮೆ ನೋಡಿದಳು. ಅವಳು ಒಂದೂ ವಿಡಿಯೋ ನೋಡಿದವಳಲ್ಲ. ಶಾಂತಮ್ಮನವರನ್ನು ತೋಳು ಹಿಡಿದು ಎಳೆದು ಮೆಟ್ಟಿಲು ಹತ್ತಿಸಿದಳು. ಮರುಕ್ಷಣ ನನ್ನ ಪಂಚೆ ಹಿಡಿದು ಜಗ್ಗಿದಳು. ನಾನು ಬಂದೆ. ಪಂಚೆ ನನಗಿಂತ ಮೊದಲೇ ಬಂತು!

ಅವಳು ಫೋನ್ ಮಾಡಿ ಕರೆಸಿದ ಹಾವು ಹಿಡಿಯುವವರು ಕೊಕ್ಕೆಯಿಂದ ಅದನ್ನು ನಾಜೂಕಾಗಿ ಚೀಲಕ್ಕೆ ಇಳಿಸಿ ಬಾಯಿ ಕಟ್ಟಿದರು.

"ಕೊಳಕುಮಂಡಲ ಸಾರ್. ಭಾರಿ ವಿಷ. ಇದನ್ನ ಹೆಬ್ಬಾವು ಅಂದವ್ರು ಯಾರು?"

ಇಬ್ಬರು ಹೆಂಗಸರೂ ನನ್ನತ್ತ ನೋಡಿದರು. ನಾನು ಮರದತ್ತ ನೋಡಿದೆ.

ಆಗ ನನಗೆ ಹೊಳೆಯಿತು. ನನ್ನ ಮಾತು ನಂಬಿ ನಿಂತಿದ್ದ ಆ ಹಿರಿಯರ ಬರಿಗಾಲು ಹಾವಿನಿಂದ ಎರಡೇ ಅಡಿ ದೂರದಲ್ಲಿತ್ತು. ಏನಾದರೂ ಆಗಿದ್ದರೆ ನಾನು ಯಾರಿಗೆ ಮುಖ ತೋರಿಸುತ್ತಿದ್ದೆ? ಗಿರಿಜಾಗೆ ನಾನು ಋಣಿ. ಚೀಲ ಹೊತ್ತು ಹೋದ ಆ ಪುಣ್ಯಾತ್ಮರಿಗೂ ಋಣಿ. ಪೊರಕೆಯಿಂದ ತಿವಿಸಿಕೊಂಡೂ ಬರೀ ಬೈದು ಬಿಟ್ಟ ಆ ಹಾವಿಗಂತೂ ಜನ್ಮವಿಡೀ ಋಣಿ.

ಸಂಜೆ ಪೂಜೆಗೆ ಬಂದ ಶಾಂತಮ್ಮನವರ ಕಾಲಿಗೆ ಬಿದ್ದೆ. "ತಪ್ಪಾಯ್ತು. ಇನ್ಮೇಲೆ ಹಾವಿನ ವಿಷಯಕ್ಕೆ ಬಾಯೇ ಬಿಡಲ್ಲ."

ಅವರು ಪ್ರೀತಿಯಿಂದ ನನ್ನ ತಲೆ ಸವರಿದರು.

"ಹಾಗನ್ಬೇಡಪ್ಪಾ. ಧಾರಾಳವಾಗಿ ಹೇಳು. ನೀನು ವಿಷ ಇಲ್ಲ ಅಂದ ತಕ್ಷಣ ನಾವೆಲ್ಲ ಓಡೋಕೆ ಅನುಕೂಲ ಆಗುತ್ತೆ!"